‘ಮಾಡ್ಯೂಲ್ ನಾಟ್ ಫೌಂಡ್’ ಎರರ್‌ಗೆ ‘ಪಿಪ್ ಇನ್‌ಸ್ಟಾಲ್’ ಒಂದೇ ಮದ್ದೇ? ನಿಜ ಇಲ್ಲಿದೆ

ಪೈಥಾನ್ ಕಲಿಯುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಬಗೆಯ ಸಲಹೆ ಆಗಾಗ ಸುತ್ತುತ್ತಿರುತ್ತದೆ: ‘ಮಾಡ್ಯೂಲ್ ನಾಟ್ ಫೌಂಡ್ ಎರರ್ ಬಂತೇ? ಎರರ್‌ನಲ್ಲಿ ಕಂಡ ಹೆಸರನ್ನು ಪಿಪ್ ಇನ್‌ಸ್ಟಾಲ್ ಮುಂದೆ ಹಾಕಿ ಎಂಟರ್ ಒತ್ತಿ, ಅಷ್ಟೇ!’

ಇದು ಕೆಲವೊಮ್ಮೆ ಕೆಲಸ ಮಾಡುತ್ತದೆ. ಹಲವು ಬಾರಿ ಮಾಡುವುದಿಲ್ಲ. ಇನ್ನು ಕೆಲವು ಬಾರಿ ನಿಮ್ಮ ಕಂಪ್ಯೂಟರಿಗೆ ಕಳ್ಳನನ್ನು ಕರೆತರುತ್ತದೆ. ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ವಿಷಯದಲ್ಲೇ ಈಗ ಪೈಥಾನ್ ಇದೆ. ಮಕ್ಕಳೂ ಬಳಸುವ ಮನೆಯ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ವ್ಯವಹಾರವೂ ನಡೆಯುತ್ತಿರುತ್ತದೆ. ಹಾಗಾಗಿ ಈ ಎರರ್ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ.

ಎರರ್ ನಿಜಕ್ಕೂ ಹೇಳುವುದೇನು?

ಮಾಡ್ಯೂಲ್ ಎಂದರೆ ಬೇರೆಡೆ ಬರೆದಿಟ್ಟ ಕೋಡ್. ‘ಇಂಪೋರ್ಟ್’ ಎಂದು ಬರೆದರೆ ಪೈಥಾನ್ ಅದನ್ನು ತಂದುಕೊಡುತ್ತದೆ. ‘ರ‍್ಯಾಂಡಮ್’, ‘ಜೇಸನ್’ ಮುಂತಾದ ಮಾಡ್ಯೂಲ್‌ಗಳು ಪೈಥಾನ್ ಜೊತೆಗೇ ಬರುತ್ತವೆ. ‘ಪಾಂಡಾಸ್’ನಂಥವನ್ನು ‘ಪೈಪಿಐ’ ಎಂಬ ಆನ್‌ಲೈನ್ ಭಂಡಾರದಿಂದ ‘ಪಿಪ್’ ಮೂಲಕ ನಾವೇ ತಂದುಕೊಳ್ಳಬೇಕು.

ಪೈಥಾನ್ ಇಡೀ ಕಂಪ್ಯೂಟರನ್ನು ಹುಡುಕುವುದಿಲ್ಲ. ಅದರ ಬಳಿ ಫೋಲ್ಡರ್‌ಗಳ ಒಂದು ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಮೊದಲು ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರ್, ಆಮೇಲೆ ಪೈಥಾನ್‌ನ ಸ್ವಂತ ಲೈಬ್ರರಿ, ಕೊನೆಗೆ ಪಿಪ್ ತಂದಿಟ್ಟ ಪ್ಯಾಕೇಜ್‌ಗಳ ಜಾಗ. ಈ ಎಲ್ಲಿಯೂ ಕಾಣದಿದ್ದರೆ ಎರರ್ ಬರುತ್ತದೆ. ಅಂದರೆ ‘ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ’ ಎಂದಲ್ಲ, ‘ನಾನು ನೋಡಿದ ಕಡೆ ಇಲ್ಲ’ ಎಂದರ್ಥ.

ಹಾಗಾದರೆ ಯಾಕೆ ಸಿಗುವುದಿಲ್ಲ?

*1. ಹೆಸರು ಎರಡು, ವಸ್ತು ಒಂದು.* ಇಂಪೋರ್ಟ್ ಮಾಡುವ ಹೆಸರೂ ಇನ್‌ಸ್ಟಾಲ್ ಮಾಡುವ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಕೋಡ್‌ನಲ್ಲಿ ‘ಸಿವಿ2’ ಎಂದಿದ್ದರೆ ಇನ್‌ಸ್ಟಾಲ್ ಮಾಡಬೇಕಾದ್ದು ‘ಓಪನ್‌ಸಿವಿ-ಪೈಥಾನ್’. ‘ಪಿಐಎಲ್’ಗೆ ‘ಪಿಲ್ಲೋ’, ‘ಎಸ್‌ಕೆಲರ್ನ್’ಗೆ ‘ಸೈಕಿಟ್-ಲರ್ನ್’, ‘ಬಿಎಸ್4’ಗೆ ‘ಬ್ಯೂಟಿಫುಲ್‌ಸೂಪ್4’. ಫಾರ್ವರ್ಡ್ ಹೇಳಿದಂತೆ ಎರರ್‌ನಲ್ಲಿ ಕಂಡ ಹೆಸರನ್ನೇ ಹಾಕಿದರೆ ಏನೂ ಸಿಗದೆ ಹೋಗಬಹುದು, ಇಲ್ಲವೇ ಸಂಬಂಧವೇ ಇಲ್ಲದ ಪ್ಯಾಕೇಜ್ ಬಂದು ಕೂರಬಹುದು.

*2. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್.* ‘ಇನ್‌ಸ್ಟಾಲ್ ಆಗಿದೆ ಅಂತ ತೋರಿಸುತ್ತೆ, ಆದ್ರೂ ಎರರ್ ಬರುತ್ತೆ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನು. ಹಳೆಯ ಆವೃತ್ತಿ ಒಂದು, ಹೊಸದು ಒಂದು, ಅನಕೊಂಡ ಜೊತೆ ಬಂದದ್ದು ಮತ್ತೊಂದು. ಪ್ರತಿಯೊಂದಕ್ಕೂ ತನ್ನದೇ ಪ್ಯಾಕೇಜ್ ಜಾಗ ಇರುತ್ತದೆ. ಪಿಪ್ ಒಂದರಲ್ಲಿ ಇಟ್ಟಿರುತ್ತದೆ, ನಿಮ್ಮ ಎಡಿಟರ್ ಇನ್ನೊಂದನ್ನು ಓಡಿಸುತ್ತಿರುತ್ತದೆ. ಹತ್ತು ಸಲ ಇನ್‌ಸ್ಟಾಲ್ ಮಾಡಿದರೂ ಫಲವಿಲ್ಲ.

*3. ನಿಮ್ಮದೇ ಫೈಲ್ ಅಡ್ಡ ನಿಂತಿರುವುದು.* ಮ್ಯಾಟ್‌ಪ್ಲಾಟ್‌ಲಿಬ್ ಅಭ್ಯಾಸ ಮಾಡಲು ಬರೆದ ಫೈಲಿಗೆ ‘ಮ್ಯಾಟ್‌ಪ್ಲಾಟ್‌ಲಿಬ್’ ಎಂದೇ ಹೆಸರಿಟ್ಟು ಉಳಿಸಿದರೆ, ಪೈಥಾನ್ ಮೊದಲು ಆ ಫೈಲನ್ನೇ ಕಾಣುತ್ತದೆ. ಆಗ ಎರರ್‌ನ ಕೊನೆಯಲ್ಲಿ ‘ಈಸ್ ನಾಟ್ ಎ ಪ್ಯಾಕೇಜ್’ ಎಂಬ ಮಾತು ಇರುತ್ತದೆ. ಇಲ್ಲಿ ಇನ್‌ಸ್ಟಾಲ್ ಮಾಡುವುದೇನೂ ಇಲ್ಲ, ಫೈಲಿನ ಹೆಸರು ಬದಲಿಸಿದರೆ ಸಾಕು.

*4. ಆ ಮಾಡ್ಯೂಲನ್ನೇ ತೆಗೆದುಹಾಕಿರುವುದು.* ಹಳೆಯ ಕೋಡ್‌ಗಳಲ್ಲಿ ಕಾಣುವ ‘ಡಿಸ್ಟ್‌ಯುಟಿಲ್ಸ್’ 2023ರಲ್ಲಿ ಬಂದ ಪೈಥಾನ್ 3.12ರಿಂದ ಇಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಕೋಡ್ ಪೈಥಾನ್ ಅಪ್‌ಡೇಟ್ ಆದ ಮೇಲೆ ನಿಂತುಹೋದರೆ ಇಂಥದ್ದೇ ಕಾರಣ ಇರಬಹುದು.

ತಪ್ಪು ಹೆಸರು ಹಾಕಿದರೆ ನಷ್ಟವೇನು?

ಪೈಪಿಐನಲ್ಲಿ ಯಾರು ಬೇಕಾದರೂ ಖಾತೆ ತೆರೆದು ಪ್ಯಾಕೇಜ್ ಹಾಕಬಹುದು. ಪ್ರತಿಯೊಂದನ್ನೂ ಮೊದಲೇ ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆ ಅಲ್ಲಿಲ್ಲ. ಕೆಲವು ಪ್ಯಾಕೇಜ್‌ಗಳ ಕೋಡ್ ಇನ್‌ಸ್ಟಾಲ್ ಆಗುವ ಹೊತ್ತಿಗೇ ಓಡುತ್ತದೆ. ಇಂಪೋರ್ಟ್ ಮಾಡುವುದೂ ಬೇಕಿಲ್ಲ.

ವಂಚಕರು ಇದನ್ನೇ ಬಳಸಿಕೊಳ್ಳುತ್ತಾರೆ. ಜನಪ್ರಿಯ ಹೆಸರನ್ನು ಹೋಲುವ ಹೆಸರಿಟ್ಟು ಕಾಯುತ್ತಾರೆ. 2017ರಲ್ಲಿ ಸ್ಲೊವಾಕಿಯದ ರಾಷ್ಟ್ರೀಯ ಭದ್ರತಾ ಸಂಸ್ಥೆ ಇಂಥ ಹತ್ತು ಪ್ಯಾಕೇಜ್‌ಗಳನ್ನು ಪತ್ತೆಹಚ್ಚಿತ್ತು. 2019ರ ಡಿಸೆಂಬರಿನಲ್ಲಿ ಸಿಕ್ಕಿದ್ದು ಇನ್ನೂ ಚಾಲಾಕಿ: ‘ಜೆಲ್ಲಿಫಿಶ್’ ಎಂಬ ಒಳ್ಳೆಯ ಪ್ಯಾಕೇಜಿನ ಇಂಗ್ಲಿಷ್ ಹೆಸರಿನಲ್ಲಿ ಮೊದಲ ಸಣ್ಣ ‘ಎಲ್’ ಬದಲು ದೊಡ್ಡ ‘ಐ’ ಹಾಕಲಾಗಿತ್ತು. ಕಣ್ಣಿಗೆ ಎರಡೂ ಒಂದೇ. ಅದು ಸರ್ವರ್‌ಗಳಿಗೆ ಲಾಗಿನ್ ಆಗಲು ಬಳಸುವ ಗುಪ್ತ ಕೀಲಿಗಳನ್ನು ಕದಿಯುತ್ತಿತ್ತು. ಸುಮಾರು ಒಂದು ವರ್ಷ ಅದು ಭಂಡಾರದಲ್ಲೇ ಇತ್ತು. 2024ರ ಮಾರ್ಚ್ 28ರಂದು ನಕಲಿ ಪ್ಯಾಕೇಜ್‌ಗಳ ಹಾವಳಿ ಹೆಚ್ಚಾಗಿ, ಹೊಸ ಖಾತೆ ಮತ್ತು ಹೊಸ ಪ್ಯಾಕೇಜ್‌ಗಳನ್ನೇ ಪೈಪಿಐ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಎಐ ಚಾಟ್‌ಬಾಟ್ ಕೇಳಿದರೆ ಸುರಕ್ಷಿತವೇ? ಅದೂ ಇಲ್ಲದ ಪ್ಯಾಕೇಜಿನ ಹೆಸರನ್ನು ಇದೆ ಎಂಬಂತೆ ಹೇಳಿಬಿಡುತ್ತದೆ. ಹಾಗೆ ಅದು ಮತ್ತೆ ಮತ್ತೆ ಹೇಳುವ ಹೆಸರನ್ನು ವಂಚಕರು ಮೊದಲೇ ನೋಂದಾಯಿಸಿಕೊಳ್ಳಬಹುದು.

‘ಸುಡೋ ಹಾಕಿ’, ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಹಾಕಿ’ ಎನ್ನುವ ಸಲಹೆ

ಲಿನಕ್ಸ್ ಬಳಸುವವರಿಗೆ ಈ ಸಲಹೆಯೂ ಬರುತ್ತದೆ. ಲಿನಕ್ಸ್‌ನ ಹಲವು ಸ್ವಂತ ಸಾಧನಗಳು ಪೈಥಾನ್ ಮೇಲೆ ನಿಂತಿವೆ. ಅದರ ಪ್ಯಾಕೇಜ್‌ಗಳನ್ನು ಕೆದಕಿದರೆ ಸಿಸ್ಟಮ್ಮೇ ಕೆಡಬಹುದು. ಆ ಕಾರಣಕ್ಕೇ ಡೆಬಿಯನ್ 12ರಿಂದ ಪಿಪ್‌ಗೆ ಅಲ್ಲಿ ತಡೆ ಹಾಕಲಾಗಿದೆ. ಆ ತಡೆ ಮುರಿಯುವ ಆಯ್ಕೆಗೆ ‘ಬ್ರೇಕ್’ ಎಂದು ಹೆಸರಿಟ್ಟಿರುವುದೇ ಎಚ್ಚರಿಕೆ.

ಸರಿಯಾದ ಕ್ರಮ ಯಾವುದು?

• ಎರರ್‌ನ ಕೊನೆಯ ಸಾಲನ್ನು ಪೂರ್ತಿ ಓದಿ. ಕಾಗುಣಿತ ನೋಡಿ. ಇಂಪೋರ್ಟ್‌ನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ.

• ನಿಮ್ಮ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ಇದೆಯೇ ನೋಡಿ.

• ಇನ್‌ಸ್ಟಾಲ್ ಮಾಡಬೇಕಾದ ಹೆಸರನ್ನು ಆ ಪ್ಯಾಕೇಜಿನ ಅಧಿಕೃತ ದಾಖಲೆಯಿಂದಲೇ ತೆಗೆದುಕೊಳ್ಳಿ.

• ಬರೀ ‘ಪಿಪ್’ ಬದಲು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಬರೆದು ಹೆಸರು ಕೊಡಿ. ಆಗ ಯಾವ ಪೈಥಾನ್ ಕರೆದಿರೋ ಅದಕ್ಕೇ ಇನ್‌ಸ್ಟಾಲ್ ಆಗುತ್ತದೆ. ಎಡಿಟರ್‌ನಲ್ಲೂ ಅದೇ ಪೈಥಾನ್ ಆಯ್ಕೆಯಾಗಿದೆಯೇ ನೋಡಿ.

• ಪ್ರತಿ ಪ್ರಾಜೆಕ್ಟ್‌ಗೆ ‘ವೆನ್ವ್’ ಬಳಸಿ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಒಂದರ ಪ್ಯಾಕೇಜ್ ಇನ್ನೊಂದಕ್ಕೆ ತೊಡಕಾಗುವುದಿಲ್ಲ. ಆದರೆ ಇದು ವೈರಸ್ ತಡೆಯುವ ಗೋಡೆಯಲ್ಲ. ಕೆಟ್ಟ ಪ್ಯಾಕೇಜ್ ಇದರೊಳಗಿದ್ದರೂ ನಿಮ್ಮ ಫೈಲುಗಳನ್ನು ಓದಬಲ್ಲದು.

ಕೊನೆಯ ಮಾತು

ಪಿಪ್ ಇನ್‌ಸ್ಟಾಲ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ಪ್ಯಾಕೇಜ್ ನಿಜವಾಗಿಯೂ ಇಲ್ಲದಿದ್ದಾಗ, ಸರಿಯಾದ ಹೆಸರಿನಲ್ಲಿ, ಸರಿಯಾದ ಪೈಥಾನ್‌ಗೆ ಮಾಡಿದರಷ್ಟೇ ಅದು ಪರಿಹಾರ. ಅಪರಿಚಿತರು ಕಳಿಸಿದ ಲಿಂಕ್ ಒತ್ತಬಾರದು ಎಂದು ನಾವೆಲ್ಲ ಮನೆಯವರಿಗೆ ಹೇಳುತ್ತೇವೆ. ಅಪರಿಚಿತರು ಕಳಿಸಿದ ಕಮಾಂಡ್‌ಗೂ ಅದೇ ನಿಯಮ. ಗ್ರೂಪಿನಲ್ಲಿ ಯಾರಾದರೂ ಈ ಎರರ್ ಬಗ್ಗೆ ಕೇಳಿದರೆ ಕಮಾಂಡ್ ಫಾರ್ವರ್ಡ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಎರರ್‌ನ ಕೊನೆಯ ಸಾಲು ಏನಿದೆ? ಯಾವ ಪೈಥಾನ್ ಓಡುತ್ತಿದೆ?