ದೂರವಿಡುವುದು ಚಿಕಿತ್ಸೆಯೆ?

ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಹದಿನಾಲ್ಕು ಹದಿನೈದರ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ಊಟ ಬಿಟ್ಟರೆ, ಶಾಲೆಗೆ ಹೋಗಲೊಲ್ಲೆನೆಂದರೆ, ಇಲ್ಲವೆ ಹೇಳದೆ ಕೇಳದೆ ಮನೆಯಿಂದ ಹೊರಟುಹೋದರೆ ತಂದೆತಾಯಿಗಳಿಗೆ ಮೊದಲು ಹೊಳೆಯುವ ಉಪಾಯ ಒಂದೇ: "ಊರಿಗೆ ಕಳುಹಿಸಿಬಿಡೋಣ. ಅಜ್ಜಿಯ ಮನೆಯಲ್ಲಿರಲಿ, ಇಲ್ಲವೆ ಒಳ್ಳೆಯ ಶಿಸ್ತಿನ ವಸತಿ ಶಾಲೆಗೆ ಸೇರಿಸೋಣ." ಹೊರನಾಡ ಕನ್ನಡಿಗರ ಮನೆಗಳಿಗೆ ಈ ಮಾತು ಹೊಸದಲ್ಲ. ಅದನ್ನಾಡಿಸುವುದು ಬಹುಮಟ್ಟಿಗೆ ಭಯ. ನೆರೆಹೊರೆಯವರು ಏನೆಂದಾರು, ನಾಳೆ ಮದುವೆಯ ಮಾತು ಬಂದಾಗ ಏನು ಹೇಳುವುದು, ಇಬ್ಬರೂ ದುಡಿಯಲು ಹೋದಾಗ ಮಗಳ ಮೇಲೆ ಕಣ್ಣಿಡುವವರು ಯಾರು ಎಂಬ ಚಿಂತೆ ನಿಜವಾದುದೇ. ಆದರೆ ದೂರವಿಟ್ಟ ಮಾತ್ರಕ್ಕೆ ಹುಡುಗಿ ಗುಣವಾಗುವಳೆ ಎಂಬುದನ್ನು ಕಳುಹಿಸುವ ಮೊದಲೇ ವಿಚಾರಿಸುವುದು ಲೇಸು.

ಈ ಪ್ರಯೋಗವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ದೇಶ ಅಮೆರಿಕ. ಮನಸ್ಸು ಕದಡಿದ ಮಕ್ಕಳಿಗಾಗಿ ಅಲ್ಲಿ ಚಿಕಿತ್ಸಕ ವಸತಿ ಶಾಲೆಗಳಿವೆ. ಪಾಠ, ವಸತಿ, ಮಾನಸಿಕ ಚಿಕಿತ್ಸೆ ಮೂರೂ ಒಂದೇ ಸೂರಿನಡಿ ದೊರೆಯಬೇಕೆಂಬುದು ಅವುಗಳ ಮೂಲ ಕಲ್ಪನೆ. ವಾರಕ್ಕೊಮ್ಮೆ ವೈದ್ಯರೊಡನೆ ಕಳೆಯುವ ಒಂದು ಗಂಟೆಯಷ್ಟೇ ಅಲ್ಲ, ಊಟ, ನಿದ್ರೆ, ಆಟ, ಜೊತೆಯವರ ಮಾತು ಎಲ್ಲವೂ ಔಷಧವಾಗಬೇಕು. ಷಿಕಾಗೋ ನಗರದಲ್ಲಿ 1944ರಿಂದ 1973ರವರೆಗೆ ಇಂತಹ ಶಾಲೆಯೊಂದನ್ನು ನಡೆಸಿದ ಬ್ರೂನೊ ಬೆಟಲ್‌ಹೈಮ್ ಈ ತತ್ತ್ವವನ್ನು ಲೋಕಪ್ರಸಿದ್ಧಗೊಳಿಸಿದರು. ಮಕ್ಕಳಿಗೆ ಬೇಕೆಂದಾಗ ಸಿಗುವಂತೆ ಸಿಹಿತಿಂಡಿಯ ಬೀರು, ಹೊರಗಿನವರಿಗೆ ಮುಚ್ಚಿದ್ದರೂ ಒಳಗಿನಿಂದ ತೆರೆಯಬಹುದಾದ ಬಾಗಿಲು ಆ ಶಾಲೆಯ ಹೆಗ್ಗುರುತುಗಳಾಗಿದ್ದವು. ಕಲ್ಪನೆ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳ ರೋಗಕ್ಕೆ ತಾಯಂದಿರ ತಣ್ಣನೆಯ ಮನಸ್ಸೇ ಕಾರಣವೆಂದು ನಂಬಿದ ಅವರು ಹೆತ್ತವರನ್ನು ದೂರವೇ ಇಟ್ಟರು. ಆ ನಂಬಿಕೆ ಮುಂದೆ ಸುಳ್ಳೆಂದು ಸಿದ್ಧವಾಯಿತು. 1990ರಲ್ಲಿ ಅವರು ತೀರಿಕೊಂಡ ಮೇಲೆ, ಅವರು ತಮ್ಮನ್ನು ಹೊಡೆಯುತ್ತಿದ್ದರೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಬಾಯಿಬಿಟ್ಟರು. ಹೊರಗಿನವರಿಗೆ ಮುಚ್ಚಿದ ಬಾಗಿಲು ಒಳಗಿನ ಅಳುವನ್ನೂ ಮುಚ್ಚಿತ್ತು.

ಮುಂದೆ ಈ ಕಲ್ಪನೆ ವ್ಯಾಪಾರಿಗಳ ಕೈಸೇರಿದಾಗ ಅದರ ರೂಪ ಮತ್ತಷ್ಟು ಕೆಟ್ಟಿತು. 1958ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವ್ಯಸನಿಗಳಿಗಾಗಿ ಹುಟ್ಟಿದ ಸಿನಾನನ್ ಎಂಬ ಸಂಸ್ಥೆಯಲ್ಲಿ ಎಲ್ಲರೂ ಸುತ್ತುಗಟ್ಟಿ ಕುಳಿತು ಒಬ್ಬನನ್ನು ಹಳಿದು ಹೀಗಳೆಯುವ ಪದ್ಧತಿಯಿತ್ತು. ಅದೇ ಪದ್ಧತಿಯನ್ನು ಕೆಲವು ವಸತಿ ಶಾಲೆಗಳು ಹದಿಹರೆಯದವರ ಮೇಲೂ ಪ್ರಯೋಗಿಸಿದವು. ಹೊಸದಾಗಿ ಬಂದವಳಿಗೆ ಮನೆಯೊಡನೆ ಮಾತಿಲ್ಲ. ಮಾತನಾಡಲು ಬಿಟ್ಟರೂ ಪಕ್ಕದಲ್ಲಿ ಕಾವಲು. "ಮನೆಗೆ ಬರಲು ಸುಳ್ಳು ಹೇಳುತ್ತಾಳೆ, ನಂಬಬೇಡಿ" ಎಂದು ಹೆತ್ತವರಿಗೆ ಮೊದಲೇ ಎಚ್ಚರಿಕೆ. 1990ರಿಂದ 2007ರವರೆಗೆ ಇಂತಹ ಸಂಸ್ಥೆಗಳ ಮೇಲೆ ದೌರ್ಜನ್ಯದ ಸಾವಿರಾರು ಆರೋಪಗಳು ಬಂದಿದ್ದುವೆಂದು ಅಮೆರಿಕದ ಸರಕಾರಿ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ಸಂಸತ್ತಿಗೆ ತಿಳಿಸಿತು. ಯೂಟಾ ರಾಜ್ಯದ ಒಂದು ಸಂಸ್ಥೆಯಲ್ಲಿ ಹದಿಹರೆಯದಲ್ಲಿ ತಾನು ಅನುಭವಿಸಿದುದನ್ನು ಪ್ಯಾರಿಸ್ ಹಿಲ್ಟನ್ 2021ರಲ್ಲಿ ಅಲ್ಲಿನ ಶಾಸಕರ ಮುಂದೆ ಹೇಳಿಕೊಂಡಳು. ಅದೇ ವರ್ಷ ಆ ರಾಜ್ಯ ನಿಯಮಗಳನ್ನು ಬಿಗಿಗೊಳಿಸಿತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯೊಂದು ಬಂದಿತು. ಹಿರಿಯ ಮನೆತನದ ಐಶ್ವರ್ಯವೂ ಆ ಹುಡುಗಿಯನ್ನು ರಕ್ಷಿಸಲಿಲ್ಲವೆಂಬುದು ಗಮನಾರ್ಹ.

ಇದು ಪರದೇಶದ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಬಿಹಾರದ ಮುಜಫರ್‌ಪುರದ ಬಾಲಿಕಾಗೃಹದಲ್ಲಿ ನಡೆದ ಘೋರ ಕೃತ್ಯ 2018ರಲ್ಲಿ ಬೆಳಕಿಗೆ ಬಂದುದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ಬಿಹಾರದ ಆಶ್ರಯಧಾಮಗಳನ್ನು ಪರಿಶೀಲಿಸಿ ವರದಿ ಕೊಟ್ಟ ಮೇಲೆ. 2020ರ ಜನವರಿಯಲ್ಲಿ ದಿಲ್ಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದು ಸಾರಿತು. ಹೊರಗಿನ ಕಿವಿಯೊಂದು ಒಳಹೋಗುವವರೆಗೆ ಆ ಮಕ್ಕಳ ಮಾತು ಗೋಡೆ ದಾಟಿರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಭಾರತದಲ್ಲಿಯೇ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಕರೆಸಿ, ಆವರಣದಲ್ಲಿ ಡೇರೆ ಹಾಕಿಸಿ ಜೊತೆಯಲ್ಲಿಯೇ ಇರಿಸಿದರು. ರೋಗಿ ಬೇಗ ಚೇತರಿಸಿಕೊಂಡ. ಮನೆಯವರ ಭಯವೂ ತಿಳಿಯಿತು. ಮನೆಯವರು ಜೊತೆಗಿದ್ದು ಆರೈಕೆ ಮಾಡುವ ಈ ಕ್ರಮವನ್ನು ವೆಲ್ಲೂರು, ಬೆಂಗಳೂರುಗಳ ಮಾನಸಿಕ ಚಿಕಿತ್ಸಾಲಯಗಳೂ ಬೆಳೆಸಿದವು. ಬಡದೇಶದ ಡೇರೆ ಕಲಿಸಿದ ಪಾಠವನ್ನು ಸಿರಿವಂತ ದೇಶದ ಬಂದ್ ಬಾಗಿಲು ಕಲಿಸಲಿಲ್ಲ.

ಹಾಗೆಂದು ವಸತಿಯ ಆರೈಕೆಯೇ ಬೇಡವೆನ್ನುವುದು ಅವಿವೇಕ. ಕೆಲವು ಹುಡುಗಿಯರಿಗೆ ಆಪತ್ತು ಇರುವುದು ಮನೆಯೊಳಗೇ. ಮೊಂಡುತನದಂತೆ ಕಾಣುವ ನಡತೆಯ ಬೇರಿನಲ್ಲಿ ಹೇಳಲಾಗದ ಲೈಂಗಿಕ ದೌರ್ಜನ್ಯವಿರಬಹುದು. ಇನ್ನು ಕೆಲವರು ಜೀವಕ್ಕೇ ಅಪಾಯ ತಂದುಕೊಳ್ಳುವ ಸ್ಥಿತಿ ಮುಟ್ಟಿರುತ್ತಾರೆ. ಅಂಥವರಿಗೆ ಸುರಕ್ಷಿತವಾದ ಸೂರು, ಹೊತ್ತಿಗೆ ಊಟ ನಿದ್ರೆ, ಬದಲಾಗದ ಮುಖದ ಆರೈಕೆಯವರು ಅಗತ್ಯ. ಆದರೆ ಸಂಸ್ಥೆಯ ವಾಸ ಕಟ್ಟಕಡೆಯ ಉಪಾಯವಾಗಿರಬೇಕೆಂಬುದು 2015ರ ಬಾಲನ್ಯಾಯ ಕಾಯಿದೆಯ ತತ್ತ್ವ. ಅಪ್ರಾಪ್ತರನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಇರಿಸಬೇಕಾದರೆ ಅಸಾಧಾರಣ ಸಂದರ್ಭವಿರಬೇಕು, ವಯಸ್ಕರಿಂದ ಬೇರೆಯಾಗಿರಿಸಬೇಕು, ಪೋಷಕರು ಜೊತೆಗಿರಬೇಕು, ಪೋಷಕರು ಗಂಡಸಾದರೆ ಹುಡುಗಿಯ ಬಳಿ ಮಹಿಳೆಯೊಬ್ಬಳು ಇರಲೇಬೇಕು ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ವಿಧಿಸಿದೆ.

ಆದುದರಿಂದ ಯಾವುದೇ ವಸತಿ ಶಾಲೆಯ ಮೆಟ್ಟಿಲು ಹತ್ತುವ ತಂದೆತಾಯಿಗಳು ಕಟ್ಟಡದ ಅಂದವನ್ನೂ ಪರೀಕ್ಷೆಯ ಫಲಿತಾಂಶವನ್ನೂ ನೋಡಿದರೆ ಸಾಲದು. ಮಗಳು ಕಾವಲಿಲ್ಲದೆ ತಾಯಿಯೊಡನೆ ಮಾತನಾಡಬಹುದೆ? ಮುಂದಾಗಿ ತಿಳಿಸದೆ ನೋಡಲು ಹೋಗಬಹುದೆ? ಅರ್ಹತೆ ಪಡೆದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅಲ್ಲಿದ್ದಾರೆಯೆ? ತಪ್ಪಿಗೆ ಶಿಕ್ಷೆಯೇನು? ಮನೆಗೆ ಮರಳುವುದೆಂದು? ಈ ಐದು ಪ್ರಶ್ನೆಗಳಿಗೆ ನೇರವಾದ ಉತ್ತರ ದೊರೆಯದಿದ್ದರೆ ಮಗಳ ಕೈಹಿಡಿದು ಹಿಂದಿರುಗುವುದೇ ವಿವೇಕ.

ಅದಕ್ಕೂ ಮೊದಲು ತುಳಿಯಬೇಕಾದ ದಾರಿ ಹತ್ತಿರದಲ್ಲಿದೆ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಣ ಕೊಡದೆ ಕರೆಮಾಡಿ ಸಲಹೆ ಕೇಳಬಹುದು. ಅಲ್ಲಿ ಕನ್ನಡಕ್ಕೂ ಸ್ಥಾನವಿದೆ. ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಇದೆ. ನಾಟಕ, ನಾಡಹಬ್ಬಗಳಿಗೆ ಸೇರುವ ಕನ್ನಡ ಸಂಘಗಳ ಸಭಾಗೃಹದಲ್ಲಿ ತಿಂಗಳಿಗೊಂದು ಸಂಜೆ ಕನ್ನಡ ಬಲ್ಲ ಮನೋವೈದ್ಯರೊಬ್ಬರು ಹೆತ್ತವರೊಡನೆ ಕುಳಿತರೆ, ಊರಿನ ಬಸ್ಸು ಹತ್ತಬೇಕಾಗಿದ್ದ ಹುಡುಗಿಯರಲ್ಲಿ ಕೆಲವರಾದರೂ ತಮ್ಮ ಮನೆಯಲ್ಲಿಯೇ ಗುಣಮುಖರಾದಾರು.