ಶಂಕರ್‌ನಾಗ್ ಬರೀ ಆಟೋ ರಾಜನೇ?

ನವೆಂಬರ್ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ, ನೆರೂಲಿನವರೆಗೆ ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಗಡಿಬಿಡಿ. ಈಚೆಗೆ ಈ ಸಮಾರಂಭಗಳಲ್ಲಿ ಶಂಕರ್‌ನಾಗ್ ಅವರ ಭಾವಚಿತ್ರಕ್ಕೂ ಒಂದು ಹಾರ ಬೀಳುತ್ತಿದೆ. ಹಾರ ಬಿದ್ದ ಮೇಲೆ ಆರ್ಕೆಸ್ಟ್ರಾದವರಿಂದ 'ಆಟೋ ರಾಜ' ಚಿತ್ರದ ಹಾಡು, ಖಾಕಿ ಅಂಗಿ ತೊಟ್ಟ ಹುಡುಗರ ಕುಣಿತ, ಶಿಳ್ಳೆ. ಇದಕ್ಕೆ ನಮ್ಮ ತಕರಾರಿಲ್ಲ. ಬೆಂಗಳೂರಿನ ಆಟೋ ಚಾಲಕರು ತಮ್ಮ ಗಾಡಿಯ ಮೇಲೆ ಇಂದಿಗೂ ಆತನ ಚಿತ್ರ ಅಂಟಿಸಿಕೊಳ್ಳುತ್ತಾರೆಂದರೆ ಅದು ಪ್ರೀತಿಯೇ. ಪ್ರೀತಿಗೆ ಯಾರೂ ಕಾರಣ ಕೇಳಬಾರದು.

ತಕರಾರು ಬೇರೆಯದೇ ಇದೆ. ನಮ್ಮ ಕಡೆಯ ಒಂದು ಸಂಘದಲ್ಲಿ, ಹೆಸರು ಬೇಡ, ಮಕ್ಕಳಿಗಾಗಿ 'ಮಾಲ್ಗುಡಿ ಡೇಸ್'ನ ಎರಡು ಕಂತು ತೋರಿಸೋಣ, ದೊಡ್ಡವರಿಗೆ 'ಆಕ್ಸಿಡೆಂಟ್' ಚಿತ್ರ ಹಾಕೋಣ ಎಂದು ಕೆಲವರು ಸೂಚಿಸಿದೆವು. ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: "ಅದು ಹಿಂದಿ ಧಾರಾವಾಹಿ. ಕಥೆ ಬರೆದವರು ತಮಿಳರು, ಅದೂ ಇಂಗ್ಲಿಷಿನಲ್ಲಿ. ರಾಜ್ಯೋತ್ಸವಕ್ಕೂ ಅದಕ್ಕೂ ಏನು ಸಂಬಂಧ?" ಸೂಚನೆಯನ್ನು 'ಮುಂದೆ ಪರಿಶೀಲಿಸಲಾಗುವುದು' ಎಂದು ಬರೆದು ಮುಗಿಸಲಾಯಿತು. ದಿನವಿಡೀ ಸರಕಾರಿ ಕಡತಗಳ ನಡುವೆ ಕೂರುವ ನಮಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸಂಬಂಧ ಏನೆಂದು ಕೇಳಿದ್ದಾರೆ. ಹೇಳುತ್ತೇವೆ.

1954ರ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರದ ಕಡೆ ಹುಟ್ಟಿದ ಈ ಹುಡುಗನ ಮನೆಮಾತು ಕೊಂಕಣಿ. ಓದು ಮುಗಿಸಿ ಬಂದದ್ದು ನಮ್ಮೆಲ್ಲರ ಹಾಗೆ ಇದೇ ಮುಂಬಯಿಗೆ. ಇಲ್ಲಿ ಸಿಕ್ಕಿದ್ದು ಮರಾಠಿ ರಂಗಭೂಮಿ. ಬಾಳಸಂಗಾತಿಯಾದ ಅರುಂಧತಿಯವರ ಭೇಟಿಯೂ ಇಲ್ಲಿನ ನಾಟಕದ ನಂಟಿನಿಂದಲೇ. ಪುಣೆಯ ಚಾಪೇಕರ್ ಸಹೋದರರ ಕಥೆಯ '22 ಜೂನ್ 1897' ಎಂಬ ಮರಾಠಿ ಚಿತ್ರ 1979ರಲ್ಲಿ ಬಂದಾಗ ಅದರ ಚಿತ್ರಕಥೆಯಲ್ಲಿ ಈತನ ಕೈಯಿತ್ತು. ಅದಕ್ಕೆ ಒಂದು ವರ್ಷ ಮೊದಲು ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರೆದಿದ್ದರು. ಆ ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಮನೆಯಲ್ಲಿ ಕೊಂಕಣಿ, ರಂಗದಲ್ಲಿ ಮರಾಠಿ, ಚಿತ್ರದಲ್ಲಿ ಕನ್ನಡ, ದೂರದರ್ಶನದಲ್ಲಿ ಹಿಂದಿ ಮತ್ತು ಇಂಗ್ಲಿಷ್. ಇಂಥವನು ಕನ್ನಡಿಗನಲ್ಲದಿದ್ದರೆ ನಮ್ಮ ಡೊಂಬಿವಲಿಯ ಕಟ್ಟಡಗಳಲ್ಲಿ ಕನ್ನಡಿಗರನ್ನು ದುರ್ಬೀನು ಹಾಕಿ ಹುಡುಕಬೇಕಾದೀತು.

ಇನ್ನು ತಮಿಳರ ಕಥೆ ಎಂಬ ಮಾತು. ಆರ್.ಕೆ. ನಾರಾಯಣರು 1906ರಲ್ಲಿ ಮದರಾಸಿನಲ್ಲಿ ಹುಟ್ಟಿದ್ದು ನಿಜ. ಆದರೆ ಮಹಾರಾಜಾ ಕಾಲೇಜಿನಲ್ಲಿ ಓದಿ, ಮೈಸೂರಿನ ಬೀದಿಗಳನ್ನು ಸುತ್ತಿ ಸುತ್ತಿ, ಆಯುಷ್ಯದ ಬಹುಪಾಲು ಅಲ್ಲೇ ಕಳೆದವರು. ತಮ್ಮ ಆರ್.ಕೆ. ಲಕ್ಷ್ಮಣರು ಮೈಸೂರಿನಲ್ಲೇ ಹುಟ್ಟಿ, ಮುಂಬಯಿಗೆ ಬಂದು ಇಲ್ಲಿಯ ಪತ್ರಿಕೆಯಲ್ಲಿ ದಶಕಗಳ ಕಾಲ ಚಿತ್ರ ಬರೆದರು. ಧಾರಾವಾಹಿಯ ಆರಂಭದಲ್ಲಿ ಬರುವ ರೇಖಾಚಿತ್ರಗಳು ಅವರವೇ. ಅಣ್ಣ ಬರೆದದ್ದು, ತಮ್ಮ ಚಿತ್ರಿಸಿದ್ದು, ಹೊನ್ನಾವರದವನು ನಿರ್ದೇಶಿಸಿದ್ದು. ಇದರಲ್ಲಿ ಪರಕೀಯವಾದದ್ದು ಯಾವುದು ಎಂದು ನಾವೇ ತಿರುಗಿ ಕೇಳಬೇಕಾಗಿದೆ.

ಆ ಕೆಲಸದ ಸ್ವರೂಪವನ್ನಾದರೂ ನೋಡಿ. 1986-87ರಲ್ಲಿ ದೂರದರ್ಶನವೊಂದೇ ಇದ್ದ ಕಾಲ. ಆಗಿನ ಬಹಳಷ್ಟು ಧಾರಾವಾಹಿಗಳು ನಾಲ್ಕು ಗೋಡೆಯ ಸೆಟ್ಟಿನೊಳಗೆ ನಡೆಯುತ್ತಿದ್ದವು. ಶಂಕರ್‌ನಾಗ್ ಮಾಡಿದ್ದೇನು? ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರ ಬೆಂಬಲದಿಂದ ಇಡೀ ತಂಡವನ್ನು ಆಗುಂಬೆಗೆ ಒಯ್ದರು. ಮಳೆ, ಜಿಗಣೆಗಳಿಗೆ ಹೆಸರಾದ ಊರು ಅದು! ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಬೀದಿಯಲ್ಲಿ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆ ನಿಲ್ಲಿಸಿದರು. ಆಗುಂಬೆಗೆ ರೈಲು ಇಲ್ಲ. ಅದಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ. (ರೈಲ್ವೆಯವರು 2020ರಲ್ಲಿ ಅಲ್ಲೊಂದು ಮಾಲ್ಗುಡಿ ಸಂಗ್ರಹಾಲಯವನ್ನೇ ತೆರೆದರು. ರೈಲ್ವೆ ಇಲಾಖೆಗೆ ಇರುವ ನೆನಪು ನಮ್ಮ ಸಮಿತಿಗಳಿಗೆ ಇಲ್ಲ.) ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ, ತಂದೆಯಾಗಿ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಒಂದೊಂದು ಕಥೆಗೆ ಒಂದೊಂದು ವೇಷ ಹಾಕಿದ ಅನಂತನಾಗ್. ಕನ್ನಡ ರಂಗಭೂಮಿಯ ಬಳಗವೇ ಅಲ್ಲಿ ನೆರೆದಿತ್ತು. ಕಾಶ್ಮೀರದಿಂದ ಕಲ್ಕತ್ತೆಯವರೆಗಿನ ಮನೆಗಳಲ್ಲಿ ಜನ ನೋಡಿದ್ದು ನಮ್ಮ ಮಲೆನಾಡಿನ ಜಗಲಿ, ನಮ್ಮ ಕಂಬ, ನಮ್ಮ ಹಂಚಿನ ಮಾಡು. ಅದೇ ಅವಧಿಯಲ್ಲಿ ಮತ್ತೊಂದು ಪರದೇಶದ ನಟನಾಗಿದ್ದರೆ, ಬಣ್ಣ ಒರೆಸಿ ಕ್ಯಾಮೆರಾದ ಹಿಂದೆ ಹೋಗಿ ನಿಂತವನೆಂದು ಅವನ ಮೇಲೆ ಗ್ರಂಥ ಬರುತ್ತಿತ್ತು. ಇಂಗ್ಲೆಂಡಿನಲ್ಲಿ ನಟನೆಯಿಂದ ದೂರದರ್ಶನದ ನಿರ್ದೇಶನಕ್ಕೆ ದಾಟಿದವರಿಗೆ ಅದೊಂದು ಮಾನ್ಯ ವೃತ್ತಿ. ನಮ್ಮಲ್ಲಿ ಅದು ನಾಯಕನಟನ ಬಿಡುವಿನ ಹವ್ಯಾಸವೆಂಬ ಲೆಕ್ಕ.

ಹಿಂದಿಯಲ್ಲಿ ಯಾಕೆ ಮಾಡಿದ ಎಂದು ಕೇಳುವವರು ಇನ್ನೊಂದನ್ನೂ ಹೇಳಬೇಕು. ಕರ್ನಾಟಕದಲ್ಲಿ ಡಬ್ಬಿಂಗ್ ಕೂಡದೆಂದು ದಶಕಗಳ ಕಾಲ ಹಟ ಹಿಡಿದವರು ಯಾರು? ಕನ್ನಡದವರೇ ಆಡಿದ, ಕನ್ನಡ ನೆಲದ ಮೇಲೆ ನಡೆದ ಈ ಕಥೆಗಳು ಖಾಸಗಿ ವಾಹಿನಿಯೊಂದರಲ್ಲಿ ಕನ್ನಡದ ದನಿಯಲ್ಲಿ ಕೇಳಿಬಂದದ್ದು 2020ರಲ್ಲಿ. ಅಷ್ಟರಲ್ಲಿ ನಿರ್ದೇಶಕ ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಆತನ ಎಲ್ಲ ಕೆಲಸವೂ ಚಿನ್ನವೆಂದು ನಾವು ವಾದಿಸುವುದಿಲ್ಲ. ಹನ್ನೆರಡೇ ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದಾಗ ಹೊಡೆದಾಟದ ಹೊಟ್ಟು ಬೇಕಾದಷ್ಟು ಸೇರಿರುತ್ತದೆ. ಆದರೆ ಆ ದುಡಿಮೆಯ ನಡುವೆಯೇ 1980ರಲ್ಲಿ 'ಮಿಂಚಿನ ಓಟ', 1985ರಲ್ಲಿ 'ಆಕ್ಸಿಡೆಂಟ್' ಬಂದವು. ಹಾಡಿಲ್ಲದ ಈ ಎರಡನೆಯ ಚಿತ್ರದಲ್ಲಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಹರಿಸಿ ಫುಟ್‌ಪಾತಿನಲ್ಲಿ ಮಲಗಿದವರನ್ನು ಕೊಲ್ಲುತ್ತಾನೆ. ಮುಂಬಯಿಯ ಸುತ್ತ ಬದುಕುವ ನಮಗೆ ಈ ಕಥೆ ಹಳೆಯದಾಗಿದೆಯೇ? ಬೆಳಗಿನ ಪತ್ರಿಕೆ ತೆರೆದು ನೋಡಿ. ಅದಕ್ಕೆ ರಾಷ್ಟ್ರಪ್ರಶಸ್ತಿ ಕೊಟ್ಟವರು ದಿಲ್ಲಿಯವರು. ಅದನ್ನು ತೋರಿಸಲು ಒಂದು ಸಂಜೆ ಕೊಡಲಾರದವರು ನಾವು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಆತನಿಗೆ ಮೂವತ್ತಾರು ತುಂಬಿರಲಿಲ್ಲ.

ನಮಗೆ ನಿಜವಾಗಿ ಚುಚ್ಚುವುದು ಬೇರೊಂದು ಸಂಗತಿ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಧಾರವಾಡದ ಮಾತು ಆಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ. ಸಂಘಕ್ಕೆ ಬಂದರೆ ವೇದಿಕೆಯ ಮೇಲಿನವರು ಶುದ್ಧ ಕನ್ನಡದಲ್ಲಿ ಗದರಿಸುತ್ತಾರೆ, ಒಂದು ತಪ್ಪು ವಿಭಕ್ತಿಗೆ ನಗುತ್ತಾರೆ. ಆ ಮಗು ಮುಂದಿನ ವರ್ಷ ಬರುವುದಿಲ್ಲ. ಆಮೇಲೆ ಯುವಕರು ಸಂಘಕ್ಕೆ ಬರುತ್ತಿಲ್ಲವೆಂದು ವಾರ್ಷಿಕ ವರದಿಯಲ್ಲಿ ಅಳುತ್ತೇವೆ. ನಿನ್ನ ಹಾಗೆಯೇ ನಾಲ್ಕು ಭಾಷೆಗಳ ನಡುವೆ ಬೆಳೆದವನೊಬ್ಬ ಮುಂಬಯಿಯಿಂದ ಹೋಗಿ ಕನ್ನಡದಲ್ಲಿ ಇಷ್ಟೆಲ್ಲ ಮಾಡಿದ ಎಂದು ಆ ಮಗುವಿಗೆ ತೋರಿಸಬಹುದಾದ ಉದಾಹರಣೆ ಕೈಯಲ್ಲೇ ಇರುವಾಗ, ಅವನಿಗೂ ಖಾಕಿ ತೊಡಿಸಿ ಕುಣಿಸಿ ಕಳಿಸುತ್ತಿದ್ದೇವೆ.

ಆದ್ದರಿಂದ ಸಮಿತಿಗಳ ಪದಾಧಿಕಾರಿಗಳಲ್ಲಿ ನಮ್ಮ ಕೇಳಿಕೆ ಇಷ್ಟು. ರಾಜ್ಯೋತ್ಸವದ ತಿಂಗಳಲ್ಲೇ ನವೆಂಬರ್ 9 ಬರುತ್ತದೆ. ಆ ವಾರದ ಒಂದು ಭಾನುವಾರ ಸಂಜೆ ಸಭಾಗೃಹ ಕೊಡಿ. ಪರದೆ, ಪ್ರೊಜೆಕ್ಟರಿನ ವ್ಯವಸ್ಥೆ ನಾವೇ ಚಂದಾ ಎತ್ತಿ ಮಾಡಿಕೊಳ್ಳುತ್ತೇವೆ. ಮೊದಲು ಸ್ವಾಮಿಯ ಕಂತು, ಚಹಾ ಆದ ಮೇಲೆ 'ಆಕ್ಸಿಡೆಂಟ್'. ಭಾಷಣ ಬೇಡ. ಆಟೋ ರಾಜನ ಹಾಡನ್ನು ಮರುದಿನದ ಕಾರ್ಯಕ್ರಮದಲ್ಲಿ ಧಾರಾಳವಾಗಿ ಇಟ್ಟುಕೊಳ್ಳಿ. ನಾವೂ ಬಂದು ಚಪ್ಪಾಳೆ ತಟ್ಟುತ್ತೇವೆ.