ಸೈನೈಡ್ ಗುಡ್ಡಕ್ಕೆ ಇಸ್ತ್ರಿ ಹಾಕಬೇಡಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದವರಿಗೆ ಆ ಗುಡ್ಡಗಳು ಗೊತ್ತು. 2018ರ ‘ಕೆಜಿಎಫ್’ ಸಿನಿಮಾದ ಸೆಟ್ ಹಾಕಿದ್ದೂ ಅಲ್ಲೇ. ಅವು ದೇವರು ಮಾಡಿದ ಗುಡ್ಡಗಳಲ್ಲ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕಸ, ಮೂರು ಕೋಟಿ ಟನ್ನಿಗೂ ಹೆಚ್ಚು. ಗಣಿ 2001ರಲ್ಲಿ ಮುಚ್ಚಿತು. ಪುಡಿ ಮಾತ್ರ ಇವತ್ತಿಗೂ ಡ್ಯೂಟಿ ಮಾಡ್ತಿದೆ. ಆಷಾಢದ ಗಾಳಿ ಎದ್ದರೆ ಸಾಕು, ಕಾರ್ಮಿಕರ ಕಾಲೋನಿಗಳ ಮನೆಯೊಳಗೂ ಅದೇ ಧೂಳು.

ಅಲ್ಲಿ ಗಾಳಿ ಹೇಗೆ ಹರಿಯುತ್ತೆ, ಧೂಳು ಎಲ್ಲಿ ಬೀಳುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು, ಹಾಕಲೂಬೇಕು. ನನ್ನ ತಕರಾರು ಲೆಕ್ಕದ ಮೇಲಲ್ಲ, ಅದಕ್ಕೂ ಮೊದಲು ಎಳೆಯೋ ಗೆರೆಯ ಮೇಲೆ. ಗುಡ್ಡವನ್ನು ಕೇಕಿನಂತೆ ಅಡ್ಡ ಸೀಳಿ, ನಾಲ್ಕು ಬಿಂದು ಕೊಟ್ಟು, ಮೂಲೆ ನುಣ್ಣಗೆ ಮಾಡಿ, ಆಚೆಈಚೆ ಸಪಾಟು ನೆಲ ಎಳೆದರೆ ಟುಡಿ ಜ್ಯಾಮಿತಿ ರೆಡಿ. ಮೆಶ್ ಒಂದೇ ಸಲಕ್ಕೆ ಕೂರುತ್ತೆ, ಸಾಲ್ವರ್ ಗಲಾಟೆ ಮಾಡದೆ ಓಡುತ್ತೆ, ಬಣ್ಣಬಣ್ಣದ ಚಿತ್ರ ಬರುತ್ತೆ. ಸೂಪರ್ ಗುರು! ಗೆರೆ ಸುಳ್ಳು ಹೇಳಿತಾ ಅಂತ ಯಾರೂ ಕೇಳಲ್ಲ.

ಹೇಳಿತು ಸ್ವಾಮಿ. ಚೂಪು ಅಂಚಿನಲ್ಲಿ ಗಾಳಿ ಮೇಲ್ಮೈ ಬಿಟ್ಟು ಹಾರಿ, ಗುಡ್ಡದ ಮರೆಯಲ್ಲಿ ಸುತ್ತಿ ಹಿಂದಕ್ಕೆ ಬರುತ್ತೆ. ಧೂಳು ಸಿಕ್ಕಿಬೀಳೋದು ಆ ಸುಳಿಯಲ್ಲೇ. ಅಂಚಿಗೆ ಇಸ್ತ್ರಿ ಹಾಕಿದರೆ ಸುಳಿ ಕುಗ್ಗುತ್ತೆ, ಕೆಲವೊಮ್ಮೆ ಮಾಯವೇ ಆಗುತ್ತೆ. 30 ಮೀಟರ್ ಗುಡ್ಡಕ್ಕೆ ನೆಲದಿಂದ 60 ಮೀಟರಿನಲ್ಲೇ ಚಾವಣಿ ಎಳೆದರೆ ನೆತ್ತಿಯ ಮೇಲೆ ದಾರಿ ಅರ್ಧ, ಸರಾಸರಿ ವೇಗ ದುಪ್ಪಟ್ಟು. ಆ ಬಿರುಗಾಳಿ ಕೆಜಿಎಫ್‌ದಲ್ಲ, ನಿಮ್ಮ ಚಾವಣಿದು.

ಎತ್ತರದ ಅಳತೆಗೆ ಪುಕ್ಕಟೆ ಉಪಗ್ರಹ ಡೇಟಾ ಇದೆಯಲ್ಲ ಅಂತೀರಾ? ಎಲ್ಲರೂ ಇಳಿಸಿಕೊಳ್ಳೋ ಎಸ್‌ಆರ್‌ಟಿಎಂ ಡೇಟಾ ಬಾಹ್ಯಾಕಾಶ ನೌಕೆಯಿಂದ 2000ದ ಫೆಬ್ರುವರಿಯಲ್ಲಿ ಅಳೆದದ್ದು, ಅಂದರೆ ಗಣಿ ಮುಚ್ಚುವ ಮೊದಲು. ಅದೂ ಸುಮಾರು 30 ಮೀಟರಿಗೊಂದು ಬಿಂದು. ಆಮೇಲೆ ಇಷ್ಟು ವರ್ಷದ ಮಳೆ ಕೊರೆದ ಕೊರಕಲುಗಳು ಅದರಲ್ಲಿ ಎಲ್ಲಿಂದ ಕಾಣಬೇಕು?

ಎಲ್ಲಕ್ಕಿಂತ ದೊಡ್ಡ ವಿಷಯ: ಟುಡಿಯಲ್ಲಿ ಗುಡ್ಡ ಕೊನೆಯೇ ಇಲ್ಲದ ಗೋಡೆ. ಗಾಳಿ ಅದರ ಮೇಲೆ ಹತ್ತಲೇಬೇಕು, ಪಕ್ಕದಿಂದ ನುಸುಳೋ ಹಾಗಿಲ್ಲ. ಉದ್ದನೆಯ ಗುಡ್ಡದ ನಟ್ಟನಡುವೆ, ಗಾಳಿ ನೇರವಾಗಿ ಬಡಿಯುವಾಗ ಇದು ಒಪ್ಪುವ ಮಾತೇ. ತುದಿಯ ಪಕ್ಕದಲ್ಲಿರೋ ಮನೆಗಳಿಗೆ ಅದೇ ಚಿತ್ರ ತೋರಿಸಿದರೆ ಮೋಸ.

“ಮೊದಲ ಅಂದಾಜಿಗೆ ಸಾಕು ಬಿಡ್ರೀ” ಅನ್ನೋರಿದ್ದಾರೆ. ಸರಿ, ಎರಡನೇ ಅಂದಾಜು ಯಾವಾಗ? ಮೊದಲನೆಯದು ಸ್ಲೈಡಿಗೆ ಹತ್ತುತ್ತೆ, ಸ್ಲೈಡ್ ಮೀಟಿಂಗಿಗೆ ಹೋಗುತ್ತೆ. ಗಿಡ ಎಲ್ಲಿ ನೆಡಬೇಕು, ಯಾವ ಬೀದಿಗೆ ಅಪಾಯವಿಲ್ಲ ಅಂತ ತೀರ್ಮಾನ ಆಗೋದು ಅಲ್ಲೇ.

ಟುಡಿ ಬೇಡ ಅಂತಿಲ್ಲ. ನೆತ್ತಿಯ ಮೇಲೆ ಗುಡ್ಡದ ಎತ್ತರದ ಐದು ಪಟ್ಟಾದರೂ ಜಾಗ ಬಿಡಿ, ಗಾಳಿ ಹೋಗೋ ಕಡೆ 15 ಪಟ್ಟು. ಅಂಚು ಚೂಪಿದ್ದರೆ ಚೂಪಾಗೇ ಇರಲಿ. ಒಂದಲ್ಲ, ನಾಲ್ಕು ಕಡೆ ಸೀಳಿ ನೋಡಿ. ಸಪಾಟು ನೆಲ ಎಳೆಯೋ ಮುಂಚೆ ರೈಲು ಹತ್ತಿ ಹೋಗಿ, ಅಲ್ಲಿ ನಿಂತಿರೋ ಮನೆಗಳನ್ನ ಎಣಿಸಿ. ಬೆಂಗಳೂರಿಂದ ಅದೇನು ದೂರ ಅಲ್ಲ.